ವೈರಸ್ ಹೋದ ಮೇಲೂ ಎದೆಯಲ್ಲಿ ಉಳಿಯುವ ಗೊರಗೊರ: ಸಿರಪ್ಪೋ, ಸ್ಪೇಸರೋ, ನೆಬ್ಯುಲೈಸರೋ, ಕಾಯುವುದೋ?

ಮೂರು ನಾಲ್ಕು ತಿಂಗಳ ಕೂಸಿಗೆ ನೆಗಡಿಯಾಗಿ, ಅದು ಎದೆಗಿಳಿದು, ಪಕ್ಕೆ ಸೆಳೆತ ಬಂದು ಆಸ್ಪತ್ರೆಗೆ ಸೇರಿಸುತ್ತೀರಿ. ಒಂದೆರಡು ದಿನ ಆಕ್ಸಿಜನ್ ಇಟ್ಟು ಮನೆಗೆ ಕಳಿಸುತ್ತಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ‘ಬ್ರಾಂಕಿಯೊಲೈಟಿಸ್’ ಎಂದಿರುತ್ತದೆ, ಅಂದರೆ ವೈರಸ್ಸಿನಿಂದ ಸಣ್ಣ ಶ್ವಾಸನಾಳಗಳು ಊದಿಕೊಂಡದ್ದು. ಆಮೇಲಿಂದ ಪ್ರತಿ ನೆಗಡಿಗೂ ಸುಂಯ್ ಎನ್ನುವ ಉಸಿರು, ರಾತ್ರಿಯಿಡೀ ಕೆಮ್ಮು, ಹಾಲು ಕುಡಿಯುತ್ತಲೇ ಏದುಸಿರು. ಒಬ್ಬ ಡಾಕ್ಟರು ಸಿರಪ್ ಬರೆಯುತ್ತಾರೆ, ಇನ್ನೊಬ್ಬರು ಪಂಪ್ (ಇನ್‌ಹೇಲರ್) ಎನ್ನುತ್ತಾರೆ, ಮೆಡಿಕಲ್ ಅಂಗಡಿಯವರು ‘ಮೆಷಿನ್ನೇ ತಗೊಂಡ್ಬಿಡಿ’ ಎಂದು ಔಷಧಿಯನ್ನು ಮಂಜಿನಂತೆ ಮಾಡಿ ಕೊಡುವ ನೆಬ್ಯುಲೈಸರ್ ತೋರಿಸುತ್ತಾರೆ. ಮನೆಯ ಹಿರಿಯರಿಗೆ ಪಂಪ್ ಚಟವಾಗಿಬಿಟ್ಟರೆ ಎಂಬ ಭಯ. ಮೈಸೂರು, ಮಂಡ್ಯದ ಕಡೆ ಇಂಥ ಗೊಂದಲದಲ್ಲಿರುವ ಅಪ್ಪ ಅಮ್ಮಂದಿರಿಗಾಗಿ ಈ ಹೋಲಿಕೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ಇಲ್ಲಿರುವ ಯಾವ ಔಷಧಿಯೂ ಮಗುವಿಗೆ ಮುಂದೆ ಉಬ್ಬಸ ಬಾರದಂತೆ ತಡೆಯುವುದಿಲ್ಲ. ಇವೆಲ್ಲ ಈಗಿನ ಕಷ್ಟವನ್ನು ಕಡಿಮೆ ಮಾಡುವಂಥವು, ಅಷ್ಟೆ. ‘ಈಗಲೇ ದುಬಾರಿ ಮೆಷಿನ್ ತರದಿದ್ದರೆ ಮಗುವಿನ ಶ್ವಾಸಕೋಶ ಶಾಶ್ವತವಾಗಿ ಹಾಳಾಗುತ್ತದೆ’ ಎಂದು ಹೆದರಿ ಸಾಲ ಮಾಡಬೇಡಿ.

ವೈರಸ್ ಏನು ಬಿಟ್ಟುಹೋಗುತ್ತದೆ

ಎರಡು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಆರ್‌ಎಸ್‌ವಿ ಎಂಬ ವೈರಸ್ ಒಮ್ಮೆಯಾದರೂ ತಗಲುತ್ತದೆ. ರೈನೊವೈರಸ್, ಮೆಟಾನ್ಯುಮೊವೈರಸ್, ಪ್ಯಾರಾಇನ್‌ಫ್ಲುಯೆಂಜಾ, ಅಡಿನೊವೈರಸ್‌ಗಳದೂ ಇದೇ ಕೆಲಸ. ದೊಡ್ಡವರಿಗೆ ಇವು ಬರೀ ನೆಗಡಿ. ಕೂಸಿನ ಕೊನೆಯ ಶ್ವಾಸನಾಳಗಳು ಬಲು ಸಪೂರವಾದ್ದರಿಂದ ಒಳಗೋಡೆ ಸ್ವಲ್ಪ ಊದಿಕೊಂಡರೂ ಗಾಳಿಗೆ ದಾರಿ ಇಲ್ಲವಾಗುತ್ತದೆ. ಕೊಳವೆಯ ಅಗಲ ಅರ್ಧಕ್ಕಿಳಿದರೆ ಗಾಳಿಗೆ ಎದುರಾಗುವ ತಡೆ ಎರಡು ಪಟ್ಟಲ್ಲ, 16 ಪಟ್ಟು ಹೆಚ್ಚುತ್ತದೆ. ಒಂದೇ ವೈರಸ್ಸಿಗೆ ಅಕ್ಕ ಸೀನಿಕೊಂಡು ಓಡಾಡುವಾಗ ತಮ್ಮನಿಗೆ ಆಕ್ಸಿಜನ್ ಬೇಕಾಗುವುದು ಇದಕ್ಕೇ.

ಕಾಯಿಲೆ ಸಾಮಾನ್ಯವಾಗಿ 3ರಿಂದ 5ನೇ ದಿನಕ್ಕೆ ಜೋರಾಗಿ, ಆಮೇಲೆ ಇಳಿಯುತ್ತದೆ. ಆದರೆ ವೈರಸ್ ನಾಳದ ಒಳಪದರವನ್ನೂ ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳನ್ನೂ ಕಿತ್ತುಹಾಕಿರುತ್ತದೆ. ಅವು ಮತ್ತೆ ಬೆಳೆಯಲು ಎರಡು ವಾರವೋ ಅದಕ್ಕಿಂತ ಹೆಚ್ಚೋ ಬೇಕು. ಅಲ್ಲಿಯವರೆಗೆ ಕಫ ಹೊರಬರಲು ಕೆಮ್ಮೊಂದೇ ದಾರಿ. ಹಾಗಾಗಿ ಮೂರು ವಾರದವರೆಗಿನ ಕೆಮ್ಮು ಗಾಯ ಮಾಯುತ್ತಿರುವುದರ ಲಕ್ಷಣ, ಔಷಧಿ ಸೋತದ್ದರ ಲಕ್ಷಣವಲ್ಲ.

ಅದಕ್ಕಿಂತ ದೀರ್ಘದ ಮಾತೇನು? ಅಮೆರಿಕದ ಟ್ಯೂಸಾನ್ ಊರಿನಲ್ಲಿ 1980ರಿಂದ ಹುಟ್ಟಿದ ಮಕ್ಕಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನ ಬಹಳ ತಿಳಿಸಿದೆ. ಮೊದಲ ಮೂರು ವರ್ಷದಲ್ಲಿ ಸುಂಯ್‌ಗುಟ್ಟಿದ ಮಕ್ಕಳಲ್ಲಿ ಸುಮಾರು 60 ಶೇಕಡಾ ಮಂದಿಗೆ ಆರನೇ ವರ್ಷದ ಹೊತ್ತಿಗೆ ಅದು ನಿಂತಿತ್ತು. ಎಳವೆಯಲ್ಲಿ ಆರ್‌ಎಸ್‌ವಿ ಎದೆಗಿಳಿದಿದ್ದ ಮಕ್ಕಳಿಗೆ ಆ ಮೇಲಿನ ವರ್ಷಗಳಲ್ಲಿ ಉಬ್ಬಸದ ತೊಂದರೆ ಹೆಚ್ಚಿತ್ತು, ಆದರೆ 13 ವರ್ಷದ ಹೊತ್ತಿಗೆ ಆ ವ್ಯತ್ಯಾಸ ಮಾಸಿಹೋಗಿತ್ತು. ಸ್ವೀಡನ್ನಿನಲ್ಲಿ ಕಂಡದ್ದು ಬೇರೆ. ಮೊದಲ ವರ್ಷದಲ್ಲಿ ಆರ್‌ಎಸ್‌ವಿಯಿಂದ ಆಸ್ಪತ್ರೆ ಸೇರಿದ್ದ 47 ಮಕ್ಕಳನ್ನು 18 ವರ್ಷದವರೆಗೆ ನೋಡಿದಾಗ 39 ಶೇಕಡಾ ಮಂದಿಗೆ ಉಬ್ಬಸವೋ ಮತ್ತೆ ಮತ್ತೆ ಬರುವ ಸುಂಯ್ ಉಸಿರೋ ಇತ್ತು, ಹೋಲಿಕೆಗೆ ತೆಗೆದುಕೊಂಡ ಮಕ್ಕಳಲ್ಲಿ 9 ಶೇಕಡಾ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು: ಟ್ಯೂಸಾನಿನ ಮಕ್ಕಳಲ್ಲಿ ಹೆಚ್ಚಿನವರು ಮನೆಯಲ್ಲೇ ವಾಸಿಯಾದವರು, ಸ್ವೀಡನ್ನಿನವರು ಆಸ್ಪತ್ರೆ ಸೇರುವಷ್ಟು ಬಳಲಿದವರು. ಇನ್ನು ವಿಸ್ಕಾನ್ಸಿನ್‌ನ ಅಧ್ಯಯನದಲ್ಲಿ ಮೊದಲ ಮೂರು ವರ್ಷದಲ್ಲಿ ರೈನೊವೈರಸ್ಸಿನಿಂದ ಸುಂಯ್‌ಗುಟ್ಟಿದ ಮಕ್ಕಳಿಗೇ ಆರನೇ ವರ್ಷಕ್ಕೆ ಉಬ್ಬಸದ ಸಂಭವ ಆರ್‌ಎಸ್‌ವಿಯವರಿಗಿಂತ ಬಹಳ ಹೆಚ್ಚಿತ್ತು.

ವೈರಸ್ಸೇ ಶ್ವಾಸಕೋಶವನ್ನು ಕೆಡಿಸುತ್ತದೆಯೋ, ಮೊದಲೇ ನಾಜೂಕಾಗಿದ್ದ ಶ್ವಾಸಕೋಶವನ್ನು ವೈರಸ್ ಬಯಲಿಗೆ ತರುತ್ತದೆಯೋ ಎಂಬ ವಾದ ಇನ್ನೂ ಮುಗಿದಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಅವಧಿಗೆ ಮೊದಲೇ ಹುಟ್ಟಿದ ಮಕ್ಕಳಿಗೆ ಆರ್‌ಎಸ್‌ವಿ ತಡೆಯುವ ಪ್ರತಿಕಾಯದ ಚುಚ್ಚುಮದ್ದು ಕೊಟ್ಟು ನೋಡಿದಾಗ ಮೊದಲ ವರ್ಷ ಸುಂಯ್‌ಗುಟ್ಟುವ ದಿನಗಳು 61 ಶೇಕಡಾ ಇಳಿದವು. ಆರನೇ ವರ್ಷಕ್ಕೆ ಅಳೆದಾಗ ಶ್ವಾಸಕೋಶದ ಶಕ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಆರಿಸುವ ಮೊದಲು ಕೇಳಿಕೊಳ್ಳಬೇಕಾದ್ದು

ಎಲ್ಲಕ್ಕಿಂತ ಮುಖ್ಯ, ನಿಮ್ಮ ಮಗುವಿನ ಉಸಿರಿನ ಸದ್ದಿನ ಬಗೆ. ಬ್ರಾಂಕಿಯೊಲೈಟಿಸ್ ಆಗಿ ಇನ್ನೂ ನಾಲ್ಕು ವಾರ ಕಳೆದಿಲ್ಲವೆಂದರೆ ಅದು ಹಳೆಯ ಕಾಯಿಲೆಯ ಬಾಲ, ಇದು ಮೊದಲ ಬಗೆ. ನೆಗಡಿ ಬಂದಾಗ ಮಾತ್ರ ಸುಂಯ್‌ಗುಟ್ಟಿ, ನಡುವಿನ ದಿನಗಳಲ್ಲಿ ಮಗು ಪೂರ್ತಿ ಗೆಲುವಾಗಿದ್ದರೆ ಅದು ಎರಡನೇ ಬಗೆ, ಹೆಚ್ಚಿನವರದು ಇದೇ. ನೆಗಡಿಯಿಲ್ಲದಾಗಲೂ ನಕ್ಕಾಗ, ಅತ್ತಾಗ, ಅಂಬೆಗಾಲಲ್ಲಿ ಓಡಾಡಿದಾಗ, ನಡುರಾತ್ರಿ ಕೆಮ್ಮು, ಸುಂಯ್ ಬರುತ್ತಿದ್ದರೆ ಮೂರನೇ ಬಗೆ. ಈ ಮೂರಕ್ಕೂ ಉತ್ತರ ಬೇರೆ ಬೇರೆ.

ಎರಡನೆಯದು ವಯಸ್ಸು. ಎಳೆಗೂಸಿನಲ್ಲಿ ನಾಳ ಕಟ್ಟುವುದು ಊತ ಮತ್ತು ಕಫದಿಂದ. ನಾಳದ ಸ್ನಾಯು ಬಿಗಿದು ಕಟ್ಟುವುದು ಕಡಿಮೆ. ಸ್ನಾಯು ಸಡಿಲಿಸುವ ಸಾಲ್ಬ್ಯುಟಮಾಲ್ ಅಲ್ಲಿ ಹೆಚ್ಚೇನೂ ಮಾಡಲಾರದು. ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲೇ ಬ್ರಾಂಕಿಯೊಲೈಟಿಸ್‌ಗೆ ಸಾಲ್ಬ್ಯುಟಮಾಲ್, ಸ್ಟೀರಾಯ್ಡ್ ಎರಡೂ ಬೇಡ ಎಂದಿತು. ಆ್ಯಂಟಿಬಯಾಟಿಕ್‌ ಕೂಡ, ಬ್ಯಾಕ್ಟೀರಿಯಾ ಸೋಂಕು ಜೊತೆಗಿಲ್ಲದಿದ್ದರೆ ಬೇಡ. ಮಗು ಒಂದು ವರ್ಷ ದಾಟಿ, ಸುಂಯ್ ಮತ್ತೆ ಮತ್ತೆ ಬರತೊಡಗಿದಾಗ ಸಾಲ್ಬ್ಯುಟಮಾಲ್ ಕೆಲಸ ಮಾಡುವ ಸಾಧ್ಯತೆ ಹೆಚ್ಚುತ್ತ ಹೋಗುತ್ತದೆ.

ಆಮೇಲೆ ಉಳಿದವು: ಔಷಧಿ ಎದೆಯೊಳಗೆ ನಿಜವಾಗಿ ತಲುಪುತ್ತದೆಯೇ, ಅಡ್ಡಪರಿಣಾಮವೇನು, ಕೊಳ್ಳುವ ಖರ್ಚಿನ ಮೇಲೆ ಪ್ರತಿ ಸಲದ ಖರ್ಚೆಷ್ಟು, ಮನೆಯಲ್ಲಿ ಕೊಡುವವರು ಯಾರು, ಕರೆಂಟ್ ಇರುತ್ತದೆಯೇ, ರಾತ್ರಿ ಎರಡು ಗಂಟೆಗೆ ಆಸ್ಪತ್ರೆ ಎಷ್ಟು ದೂರ.

ಕಾಯುವುದು

ಇದನ್ನು ಆಯ್ಕೆ ಎಂದು ಯಾರೂ ಎಣಿಸುವುದಿಲ್ಲ, ಆದರೆ ಮೊದಲ ಬಗೆಯ ಮಗುವಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ. ಕೂಸು ಮೂಗಿನಿಂದಲೇ ಉಸಿರಾಡುತ್ತದೆ, ಮೂಗು ಕಟ್ಟಿದರೆ ಹಾಲು ಬಿಡುತ್ತದೆ. ಹಾಲು ಕೊಡುವ ಹತ್ತು ನಿಮಿಷ ಮೊದಲು ಪ್ರತಿ ಹೊಳ್ಳೆಗೂ ಎರಡು ಹನಿ ಸಲೈನ್ ಡ್ರಾಪ್ಸ್ ಹಾಕಿ. ಸೀಸೆಯ ಮೇಲೆ ‘ಸೋಡಿಯಂ ಕ್ಲೋರೈಡ್’ ಎಂದಷ್ಟೇ ಇರಬೇಕು. ಮೂಗು ಕಟ್ಟಿದ್ದಕ್ಕೆ ಮಾರುವ ಆಕ್ಸಿಮೆಟಜೋಲಿನ್, ಜೈಲೊಮೆಟಜೋಲಿನ್ ಡ್ರಾಪ್ಸ್ ಸೀಸೆಗಳು ನೋಡಲು ಹಾಗೇ ಇರುತ್ತವೆ. ಎಳೆಗೂಸಿಗೆ ಅವು ಅಪಾಯ.

ಹಾಲನ್ನು ಸ್ವಲ್ಪ ಸ್ವಲ್ಪವಾಗಿ, ಹೆಚ್ಚು ಸಲ ಕೊಡಿ. ಎಂದಿನ ಅರ್ಧಕ್ಕಿಂತ ಕಡಿಮೆ ಕುಡಿಯುತ್ತಿದ್ದರೆ ಕಾಯಬೇಡಿ. ಮಗು ಮಲಗಿದ್ದಾಗ ಉಸಿರೆಣಿಸಿ, ಪೂರ್ತಿ ಒಂದು ನಿಮಿಷ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಕೂಸಿನ ಉಸಿರು ಒಂದೇ ಸಮ ಇರುವುದಿಲ್ಲ. ಎರಡು ತಿಂಗಳೊಳಗೆ ನಿಮಿಷಕ್ಕೆ 60, ಎರಡರಿಂದ ಹನ್ನೆರಡು ತಿಂಗಳಿಗೆ 50, ಒಂದರಿಂದ ಐದು ವರ್ಷಕ್ಕೆ 40 ಮುಟ್ಟಿದರೆ ಅದು ವೇಗದ ಉಸಿರಾಟ. ಆಶಾ ಕಾರ್ಯಕರ್ತೆಯರಿಗೂ ಈ ಲೆಕ್ಕ ಗೊತ್ತು, ಎಣಿಸುವುದು ಹೇಗೆಂದು ತೋರಿಸಿಕೊಳ್ಳಿ. ದೊಡ್ಡವರ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೂಸಿನ ಬೆರಳಲ್ಲಿ ನಂಬಿಕೆಗೆ ಬಾರದು. ಪಾದಕ್ಕೆ ಸುತ್ತುವ ಮಕ್ಕಳ ಪ್ರೋಬ್ ಬೇರೆಯೇ ಇದೆ.

ಸಿರಪ್

ನಮ್ಮ ಕಡೆ ಅತಿ ಹೆಚ್ಚು ಬಳಕೆಯಾಗುವುದು ಇದೇ. ಕುಡಿಸುವುದು ಸುಲಭ, ಬೆಲೆ ಕಡಿಮೆ. ಆದರೆ ಸಾಲ್ಬ್ಯುಟಮಾಲ್ ಸಿರಪ್ ಹೊಟ್ಟೆಗಿಳಿದು, ರಕ್ತ ಸೇರಿ, ಮೈಯೆಲ್ಲ ಸುತ್ತಿ ಎದೆಗೆ ಬರಬೇಕು. ಕೆಲಸ ಶುರುವಾಗಲು ಅರ್ಧ ಗಂಟೆಯೋ ಮೇಲೋ ಹಿಡಿಯುತ್ತದೆ. ಪಂಪಿನ ಒಂದು ಪಫ್‌ನಲ್ಲಿರುವುದು 100 ಮೈಕ್ರೋಗ್ರಾಂ, ಸಿರಪ್ಪಿನ 5 ಎಂಎಲ್‌ನಲ್ಲಿ ಸಾಮಾನ್ಯವಾಗಿ 2 ಮಿಲಿಗ್ರಾಂ, ಅಂದರೆ ಇಪ್ಪತ್ತು ಪಫ್‌ನಷ್ಟು. ಎದೆ ಬಡಿತ, ಕೈನಡುಕ, ರಾತ್ರಿ ನಿದ್ದೆಗೆಡುವುದು ಇದರಿಂದಲೇ. ‘ಮಗು ರಾತ್ರಿಯೆಲ್ಲ ಚಡಪಡಿಸುತ್ತೆ’ ಎಂದು ಬರುವವರ ಮನೆಯಲ್ಲಿ ಈ ಸಿರಪ್ ಕೊಡುತ್ತಿದ್ದಾರೆಯೇ ಎಂದು ಮೊದಲು ನೋಡಬೇಕು. ‘ಪಂಪ್ ಜೋರು, ಸಿರಪ್ ಮೃದು’ ಎಂಬ ನಂಬಿಕೆ ಪೂರಾ ಉಲ್ಟಾ.

ಕೆಮ್ಮು ನೆಗಡಿಯ ಮಿಶ್ರಣದ ಸಿರಪ್‌ಗಳ ಮಾತು ಇನ್ನೂ ಕಟ್ಟುನಿಟ್ಟು. ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್ ಸೇರಿದ ಮಿಶ್ರಣವನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದೆಂದು ಲೇಬಲ್ಲಿನ ಮೇಲೆ ಮುದ್ರಿಸುವಂತೆ 2023ರ ಡಿಸೆಂಬರಿನಲ್ಲಿ ಕೇಂದ್ರದ ಔಷಧ ನಿಯಂತ್ರಕರು ಆದೇಶಿಸಿದರು. ಕಲಬೆರಕೆ ಸಿರಪ್ಪಿನಿಂದ ಮಧ್ಯಪ್ರದೇಶದಲ್ಲಿ ಮಕ್ಕಳು ಸತ್ತ ಮೇಲೆ, 2025ರ ಅಕ್ಟೋಬರಿನಲ್ಲಿ, ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧಿ ಬರೆಯಲೂಬಾರದು, ಕೊಡಲೂಬಾರದು ಎಂದು ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಹೇಳಿತು. ಸಿರಪ್ಪನ್ನು ಆಯ್ಕೆಯ ಪಟ್ಟಿಯಿಂದಲೇ ತೆಗೆಯಿರಿ ಎಂಬುದು ನಮ್ಮ ಸ್ಪಷ್ಟ ಮಾತು. ಒಂದು ವರ್ಷ ತುಂಬುವವರೆಗೆ ಜೇನುತುಪ್ಪವೂ ಬೇಡ, ಬಾಟುಲಿಸಂ ಎಂಬ ಅಪರೂಪದ ಆದರೆ ಭಯಂಕರ ಕಾಯಿಲೆ ಅದರಿಂದ ಬರಬಹುದು.

ಪಂಪ್, ಸ್ಪೇಸರ್, ಬೇಬಿ ಮಾಸ್ಕ್

ಎರಡನೇ ಬಗೆಯ ಮಗುವಿಗೆ, ವೈದ್ಯರು ಸಾಲ್ಬ್ಯುಟಮಾಲ್ ಕೊಟ್ಟು ಮಗು ಹಗುರಾದದ್ದನ್ನು ಕಣ್ಣಾರೆ ನೋಡಿ ಬರೆದುಕೊಟ್ಟ ಮೇಲೆ, ನಮ್ಮ ಮೊದಲ ಆಯ್ಕೆ ಇದು. ಸ್ಪೇಸರ್ ಎಂದರೆ ಪಂಪ್ ಮತ್ತು ಮಾಸ್ಕ್ ನಡುವೆ ಸಿಕ್ಕಿಸುವ ಟೊಳ್ಳು ಕೊಳವೆ. ಸ್ಪೇಸರ್ ಮತ್ತು ಮಾಸ್ಕ್ ಸೇರಿ ಸಾಮಾನ್ಯವಾಗಿ ಸಾವಿರ ರೂಪಾಯಿಯೊಳಗೆ ಮುಗಿಯುತ್ತದೆ. ಪಂಪ್ ಬೇರೆ, ಜನೌಷಧಿ ಕೇಂದ್ರದಲ್ಲಿ ಮೊದಲು ವಿಚಾರಿಸಿ. ಒಂದು ಪಂಪಿನಲ್ಲಿ 200 ಪಫ್. ಒಂದು ಸಲದ ಕಾಯಿಲೆಗೆ ದಿನಕ್ಕೆ ನಾಲ್ಕು ಬಾರಿ ಎರಡೆರಡು ಪಫ್‌ನಂತೆ ಮೂರು ದಿನ ಕೊಟ್ಟರೆ 24 ಪಫ್. ಎಂಟು ಸಲದ ಕಾಯಿಲೆಗೆ ಒಂದೇ ಪಂಪ್ ಸಾಕು. ಕರೆಂಟ್ ಬೇಡ, ಬಸ್ಸಿನಲ್ಲೂ ಕೊಡಬಹುದು, ಎರಡು ಮೂರು ನಿಮಿಷದ ಕೆಲಸ.

ನೆಬ್ಯುಲೈಸರಿನಷ್ಟು ಇದು ಕೆಲಸ ಮಾಡುತ್ತದೆಯೇ ಎಂಬ ಅನುಮಾನ ಸಹಜ. ಐದು ವರ್ಷದೊಳಗಿನ ಮಕ್ಕಳ ಮೇಲೆ ನಡೆದ ಪರೀಕ್ಷೆಗಳನ್ನೆಲ್ಲ ಸೇರಿಸಿ ನೋಡಿದ 2004ರ ಒಂದು ವಿಶ್ಲೇಷಣೆಯಲ್ಲಿ ವಾಲ್ವ್ ಇರುವ ಸ್ಪೇಸರಿನಿಂದ ಔಷಧಿ ಪಡೆದ ಮಕ್ಕಳೇ ಕಡಿಮೆ ಸಂಖ್ಯೆಯಲ್ಲಿ ಆಸ್ಪತ್ರೆಗೆ ದಾಖಲಾದರು. ಎದೆ ಬಡಿತ ಏರುವುದೂ ಇದರಲ್ಲಿ ಕಡಿಮೆ. ಚಟದ ಭಯಕ್ಕೆ ಉತ್ತರ: ಸಾಲ್ಬ್ಯುಟಮಾಲ್ ಚಟ ಹಿಡಿಸುವ ವಸ್ತುವಲ್ಲ. ಬೇಕಾದ ದಿನ ಕೊಟ್ಟು, ಬೇಡವಾದ ದಿನ ನಿಲ್ಲಿಸುವಂಥದು. ಒಮ್ಮೆ ಹಿಡಿದ ಪಂಪ್ ಬಿಡದಂತೆ ಕಾಣುವುದು ಕಾಯಿಲೆ ಮರಳಿ ಬರುವುದರಿಂದ.

ಕೊಳ್ಳುವಾಗ ವಾಲ್ವ್ ಇರುವ ಸ್ಪೇಸರನ್ನೇ ಕೇಳಿ. ಮಾಸ್ಕ್ ಮೂಗು ಬಾಯಿ ಎರಡನ್ನೂ ಮುಚ್ಚಬೇಕು, ಕಣ್ಣನ್ನು ಒತ್ತಬಾರದು, ಗಲ್ಲದಿಂದ ಕೆಳಗೆ ಜಾರಬಾರದು. ದೊಡ್ಡ ಮಾಸ್ಕ್ ‘ಮುಂದಕ್ಕೂ ಆಗುತ್ತೆ’ ಎಂದು ತಂದರೆ ಔಷಧಿ ಸಂದಿನಲ್ಲಿ ಹೋಗುತ್ತದೆ. ಕ್ಯಾಪ್ಸೂಲ್ ಹಾಕಿ ಎಳೆದುಕೊಳ್ಳುವ ರೋಟಾಹೇಲರ್ ದೊಡ್ಡವರದು, ಕೂಸಿಗೆ ಆಗದು. ಮನೆಯಲ್ಲಿ ತಾತನ ಪಂಪ್ ಇದ್ದರೆ ಅದನ್ನು ಮಗುವಿಗೆ ಬಳಸಬೇಡಿ, ಒಳಗಿನ ಔಷಧಿಯೇ ಬೇರೆ ಇರಬಹುದು. ಬಣ್ಣ ನಂಬಬೇಡಿ, ಹೆಸರು ಓದಿ.

ಕೊಡುವ ಕ್ರಮ ಹೀಗೆ. ಹೊಸ ಸ್ಪೇಸರನ್ನು ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಹಾಕಿ ಹದಿನೈದು ನಿಮಿಷ ನೆನೆಸಿ, ಒರೆಸದೆ, ನೆರಳಲ್ಲಿ ತಾನಾಗಿ ಒಣಗಲು ಬಿಡಿ. ಬಟ್ಟೆಯಿಂದ ಒರೆಸಿದರೆ ಪ್ಲಾಸ್ಟಿಕ್ಕಿನಲ್ಲಿ ಸ್ಥಿರವಿದ್ಯುತ್ ಹುಟ್ಟಿ ಔಷಧಿಯ ಕಣಗಳೆಲ್ಲ ಗೋಡೆಗೆ ಅಂಟುತ್ತವೆ. ಮಾಸ್ಕನ್ನು ಮಾತ್ರ ಬರೀ ನೀರಲ್ಲಿ ಜಾಲಿಸಿ. ತಿಂಗಳಿಗೊಮ್ಮೆ ಹೀಗೆ ತೊಳೆದರೆ ಸಾಕು. ಹೊಸ ಪಂಪನ್ನೂ ವಾರಗಟ್ಟಲೆ ಬಳಸದೆ ಇಟ್ಟ ಪಂಪನ್ನೂ ಗಾಳಿಗೆ ಎರಡು ಮೂರು ಪಫ್ ಬಿಟ್ಟು ನೋಡಿ.

ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿ. ಪಂಪನ್ನು ಚೆನ್ನಾಗಿ ಅಲುಗಾಡಿಸಿ ಸ್ಪೇಸರಿಗೆ ಸಿಕ್ಕಿಸಿ. ಮೊದಲು ಮಾಸ್ಕ್ ಮುಖಕ್ಕೆ ಸಂದಿಲ್ಲದಂತೆ ಕೂರಬೇಕು, ಆಮೇಲೆ ಪಂಪ್ ಒತ್ತಬೇಕು. ಒಂದೇ ಪಫ್. ಐದರಿಂದ ಹತ್ತು ಉಸಿರು ಎಣಿಸಿ, ವಾಲ್ವ್ ಅಲುಗುವುದನ್ನು ನೋಡುತ್ತ. ಅರ್ಧ ನಿಮಿಷ ಬಿಟ್ಟು ಮತ್ತೆ ಅಲುಗಾಡಿಸಿ ಎರಡನೇ ಪಫ್. ಎರಡನ್ನೂ ಒಟ್ಟಿಗೆ ಒತ್ತಿದರೆ ಹನಿಗಳು ಒಂದಕ್ಕೊಂದು ಕೂಡಿ ದಪ್ಪವಾಗಿ ಸ್ಪೇಸರಿನಲ್ಲೇ ಉಳಿಯುತ್ತವೆ. ಎಷ್ಟು ಪಫ್, ಎಷ್ಟು ಗಂಟೆಗೊಮ್ಮೆ ಎಂಬುದು ವೈದ್ಯರ ಚೀಟಿಯಲ್ಲಿರಬೇಕು. ಸಾಮಾನ್ಯವಾಗಿ 2ರಿಂದ 4 ಬರೆಯುತ್ತಾರೆ.

ಸೋಲುವುದು ಎಲ್ಲಿ? ಅಳುವಿನಲ್ಲಿ. ‘ಅತ್ತರೆ ಉಸಿರು ಜೋರಾಗಿ ಎಳೆದುಕೊಳ್ಳುತ್ತೆ, ಔಷಧಿ ಚೆನ್ನಾಗಿ ಹೋಗುತ್ತೆ’ ಎಂಬುದು ತಪ್ಪು. ಅಳುವಾಗ ಉಸಿರು ಹೊರಹೋಗುವುದೇ ಹೆಚ್ಚು, ಎಳೆದುಕೊಳ್ಳುವುದು ಗಕ್ಕನೆ, ಔಷಧಿ ಗಂಟಲಲ್ಲೇ ಬಡಿದು ಹೊಟ್ಟೆ ಸೇರುತ್ತದೆ. ಚೆನ್ನಾಗಿರುವ ದಿನಗಳಲ್ಲೇ ಬರೀ ಮಾಸ್ಕನ್ನು ಆಟಕ್ಕೆ ಕೊಟ್ಟು, ನಿಮ್ಮ ಮುಖಕ್ಕೆ, ಬೊಂಬೆಯ ಮುಖಕ್ಕೆ ಇಟ್ಟು ರೂಢಿ ಮಾಡಿಸಿ. ಇನ್ನೊಂದು ಕಡೆ ಎಡವುತ್ತಾರೆ: ಔಷಧಿ ತೀರಿದ ಮೇಲೂ ಪಂಪ್ ಸುಸ್ ಎನ್ನುತ್ತಲೇ ಇರುತ್ತದೆ, ಬರುವುದು ಬರೀ ಗ್ಯಾಸ್. ಲೆಕ್ಕ ತೋರಿಸುವ ಕಿಂಡಿ ಇಲ್ಲದ ಪಂಪಾದರೆ ಕ್ಯಾಲೆಂಡರಿನ ಮೇಲೆ ಗೀಟು ಹಾಕಿ. ನೀರಲ್ಲಿ ತೇಲಿಸಿ ನೋಡುವ ಉಪಾಯ ನಂಬಬಾರದು.

ಮನೆಯ ನೆಬ್ಯುಲೈಸರ್

ಬೆಲೆ ಸ್ಪೇಸರಿನ ಎರಡು ಮೂರು ಪಟ್ಟು, ಜೊತೆಗೆ ಪ್ರತಿ ಸಲವೂ ರೆಸ್ಪ್ಯೂಲ್, ಅಂದರೆ ಒಂದು ಸಲಕ್ಕಾಗುವಷ್ಟು ಔಷಧಿ ತುಂಬಿದ ಪುಟ್ಟ ಪ್ಲಾಸ್ಟಿಕ್ ಸೀಸೆ. ದಿನಕ್ಕೆ ನಾಲ್ಕರಂತೆ ಮೂರು ದಿನಕ್ಕೆ ಹನ್ನೆರಡು ರೆಸ್ಪ್ಯೂಲ್ ಖಾಲಿ. ಒಡೆದ ಮೇಲೆ ಉಳಿದದ್ದನ್ನು ಎತ್ತಿಡುವಂತಿಲ್ಲ. ಪ್ರತಿ ಸಲ ಹತ್ತು ನಿಮಿಷ, ಮೇಲೆ ತೊಳೆಯುವ ಕೆಲಸ. ಹಳ್ಳಿಯಲ್ಲಿ ರಾತ್ರಿ ಕರೆಂಟ್ ಹೋದರೆ ಮೆಷಿನ್ ಮೂಲೆಯಲ್ಲಿ. ಬ್ಯಾಟರಿಯದು ಇನ್ನೂ ದುಬಾರಿ.

ಆದರೂ ಕೆಲವರಿಗೆ ಇದೇ ಸರಿ. ಎಷ್ಟು ಪ್ರಯತ್ನಿಸಿದರೂ ಸ್ಪೇಸರಿನ ಮಾಸ್ಕ್ ಒಪ್ಪದ ಮಗು, ಹುಟ್ಟಿದಾಗ ವಾರಗಟ್ಟಲೆ ಆಕ್ಸಿಜನ್ನಿನಲ್ಲಿದ್ದ ಮಗು, ದಿನವೂ ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ದ್ರವವನ್ನೇ ಕೊಡಬೇಕೆಂದು ತಜ್ಞರು ಬರೆದ ಮಗು. ಬುಡೆಸೊನೈಡ್ ಕೊಡುವುದಾದರೆ ಅಲ್ಟ್ರಾಸಾನಿಕ್ ಮೆಷಿನ್ ಬೇಡ, ಅದರಲ್ಲಿ ಆ ಔಷಧಿ ಆವಿಯಾಗಿ ಹೊರಬರುವುದಿಲ್ಲ. ಕಂಪ್ರೆಸರ್ ಇರುವ ಜೆಟ್ ಮೆಷಿನ್ ಬೇಕು.

ಕಪ್ಪಿನಲ್ಲಿ ಒಟ್ಟು ದ್ರವ 3ರಿಂದ 4 ಎಂಎಲ್ ಇರಬೇಕು. ರೆಸ್ಪ್ಯೂಲ್ 2.5 ಎಂಎಲ್ ಇದ್ದರೆ ಉಳಿದದ್ದಕ್ಕೆ ನಾರ್ಮಲ್ ಸಲೈನ್. ಕುದಿಸಿದ ನೀರನ್ನೂ ನಲ್ಲಿ ನೀರನ್ನೂ ಎಂದೂ ಹಾಕಬೇಡಿ, ಉಪ್ಪಿಲ್ಲದ ನೀರಿನ ಹನಿ ನಾಳವನ್ನು ಇನ್ನಷ್ಟು ಬಿಗಿಸುತ್ತದೆ. ಮಾಸ್ಕನ್ನು ದೂರ ಹಿಡಿದು ಮುಖದ ಕಡೆಗೆ ಹೊಗೆ ಬಿಡುವುದನ್ನು ಎಲ್ಲ ಮನೆಗಳಲ್ಲೂ ಕಾಣುತ್ತೇವೆ. ಒಂದು ಸೆಂಟಿಮೀಟರ್ ಸರಿದರೂ ಒಳಹೋಗುವ ಔಷಧಿ ಸುಮಾರು ಅರ್ಧಕ್ಕಿಳಿಯುತ್ತದೆ. ಹತ್ತು ನಿಮಿಷದ ಕೆಲಸ ಇಪ್ಪತ್ತು ನಿಮಿಷ ಹಿಡಿಯುತ್ತಿದ್ದರೆ ಮೆಷಿನ್ನಿನ ಫಿಲ್ಟರ್ ಬಿಚ್ಚಿ ನೋಡಿ. ಧೂಳಿನಿಂದ ಕಪ್ಪಾಗಿದ್ದರೆ ಬದಲಿಸಿ. ಪ್ರತಿ ಸಲ ಆದ ಮೇಲೆ ಕಪ್, ಮಾಸ್ಕ್ ಸೋಪುನೀರಲ್ಲಿ ತೊಳೆದು ಜಾಲಿಸಿ ಒಣಗಿಸಿ. ಟ್ಯೂಬನ್ನು ತೊಳೆಯಬೇಡಿ. ಒಳಗೆ ತೇವ ಕಂಡರೆ ಬರೀ ಗಾಳಿ ಒಂದೆರಡು ನಿಮಿಷ ಬಿಡಿ. ಒದ್ದೆ ಕಪ್ ಡಬ್ಬಿಯಲ್ಲಿ ಮುಚ್ಚಿಟ್ಟರೆ ಮುಂದಿನ ಸಲ ಮಗು ಎಳೆದುಕೊಳ್ಳುವುದು ರೋಗಾಣುಗಳನ್ನು.

ಮೆಷಿನ್ನಿನ ದೊಡ್ಡ ಅಪಾಯ ಇದ್ಯಾವುದೂ ಅಲ್ಲ. ಮನೆಯಲ್ಲೇ ಇದೆಯಲ್ಲ ಎಂದು ಎರಡು ಗಂಟೆಗೊಮ್ಮೆ ಇಡುತ್ತ, ಆಸ್ಪತ್ರೆಗೆ ಹೋಗಬೇಕಾದ ಹೊತ್ತನ್ನು ಕಳೆಯುವುದು. ಸ್ಪೇಸರಾಗಲಿ ಮೆಷಿನ್ನಾಗಲಿ, ಮೂರು ನಾಲ್ಕು ಗಂಟೆಯೊಳಗೆ ಮತ್ತೆ ಬೇಕೆನಿಸಿದರೆ ಹೊರಡಿ.

ದಿನವೂ ಸ್ಟೀರಾಯ್ಡ್ ಪಂಪ್, ಮತ್ತು ಮಾಂಟೆಲುಕಾಸ್ಟ್

ಮೂರನೇ ಬಗೆಯ ಮಗುವಿಗೆ, ಇಲ್ಲವೇ ವರ್ಷದಲ್ಲಿ ಮೂರಕ್ಕಿಂತ ಹೆಚ್ಚು ಸಲ ಜೋರಾಗಿ ಬಂದು ಆಸ್ಪತ್ರೆ ಕಾಣುವ ಮಗುವಿಗೆ ಮಾತ್ರ ಈ ಪ್ರಶ್ನೆ. ಅಪ್ಪ ಅಮ್ಮನಿಗೆ ಉಬ್ಬಸವಿದ್ದರೆ, ಮಗುವಿಗೆ ಎಕ್ಜಿಮಾ ಎಂಬ ಚರ್ಮದ ತುರಿಕೆ ಇದ್ದರೆ ಒಲವು ಇತ್ತ ಹೆಚ್ಚು. ಸರಿಯಾದ ರೀತಿಯೆಂದರೆ ಕಡಿಮೆ ಪ್ರಮಾಣದಲ್ಲಿ ಎರಡು ಮೂರು ತಿಂಗಳು ದಿನವೂ ಕೊಟ್ಟು, ಗುಣ ಕಂಡಿತೇ ನೋಡಿ, ನಿಲ್ಲಿಸಿ ಮತ್ತೆ ನೋಡುವುದು. ಗುಣ ಕಾಣದಿದ್ದರೆ ಪ್ರಮಾಣ ಏರಿಸುವ ಮೊದಲು ಕೊಡುವ ಕೈಯನ್ನೂ ರೋಗದ ಹೆಸರನ್ನೂ ಮರುಪರೀಕ್ಷಿಸಬೇಕು.

ಉಬ್ಬಸದ ಸಂಭವ ಹೆಚ್ಚಿದ್ದ ಎರಡು ಮೂರು ವರ್ಷದ ಮಕ್ಕಳಿಗೆ ಎರಡು ವರ್ಷ ಸತತ ಕೊಟ್ಟು ನೋಡಿದ ಅಮೆರಿಕದ ಪ್ರಯೋಗದ ಫಲ 2006ರಲ್ಲಿ ಬಂತು. ಕೊಡುತ್ತಿದ್ದಷ್ಟು ದಿನ ಲಾಭವಿತ್ತು, ನಿಲ್ಲಿಸಿದ ಮೇಲೆ ಉಳಿಯಲಿಲ್ಲ. ಎತ್ತರ ಸರಾಸರಿ ಒಂದು ಸೆಂಟಿಮೀಟರಿನಷ್ಟು ಹಿಂದುಳಿದಿತ್ತು. ಇದು ಹೆದರಿ ಬಿಡುವಷ್ಟಲ್ಲ, ಅಗತ್ಯವಿಲ್ಲದೆ ಕೊಡುವಷ್ಟೂ ಅಲ್ಲ. ಕೊಟ್ಟ ಮೇಲೆ ಮುಖ ಒರೆಸಿ, ಹಾಲೋ ನೀರೋ ಕುಡಿಸಿ, ಇಲ್ಲದಿದ್ದರೆ ನಾಲಿಗೆಯ ಮೇಲೆ ಬಿಳಿ ಅಗ್ರ ಬರಬಹುದು.

ಶ್ವಾಸನಾಳದ ಊತ ತಗ್ಗಿಸಲೆಂದು ಕೊಡುವ ಮಾಂಟೆಲುಕಾಸ್ಟ್ ಪುಡಿ, ಸಿರಪ್‌ಗಳನ್ನು ನಮ್ಮಲ್ಲಿ ಬಹಳ ಸುಲಭವಾಗಿ ಬರೆಯುತ್ತಾರೆ. ಆರ್‌ಎಸ್‌ವಿ ಬ್ರಾಂಕಿಯೊಲೈಟಿಸ್ ಆದ ಮೇಲೆ ಕೊಟ್ಟು ನೋಡಿದ 2008ರ ದೊಡ್ಡ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ. ಕೆಟ್ಟ ಕನಸು, ಸಿಡಿಮಿಡಿ, ನಡವಳಿಕೆಯ ಏರುಪೇರು ಬರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಅತಿ ಗಂಭೀರ ಎಚ್ಚರಿಕೆ ಹಾಕಿಸಿತು. ಬರೆದುಕೊಟ್ಟರೆ ಯಾಕೆ, ಎಷ್ಟು ದಿನ ಎಂದು ಕೇಳಿ.

ಹೊಗೆಯಿಂದ ದೂರವಿಡುವುದು: ಖರ್ಚಿಲ್ಲದ, ಎಲ್ಲರಿಗೂ ಬೇಕಾದ ಆಯ್ಕೆ

ನಮ್ಮ ಕಡೆ ಎಣ್ಣೆ ನೀರು ಎರೆದ ಮೇಲೆ ಕೂಸಿಗೆ ಸಾಂಬ್ರಾಣಿ ಹೊಗೆ ಹಿಡಿಯುತ್ತಾರೆ. ಪ್ರೀತಿಯ ಪದ್ಧತಿ, ಅಜ್ಜಿಯರಿಗೆ ಇಲ್ಲವೆನ್ನುವುದು ಕಷ್ಟ. ಆದರೆ ಒಳಪದರ ಕಿತ್ತುಹೋಗಿರುವ ಶ್ವಾಸನಾಳಕ್ಕೆ ಆ ಹೊಗೆ ಖಾರ ಹಚ್ಚಿದ ಹಾಗೆ. ಬಟ್ಟೆಯಿಂದ ತಲೆ ಒಣಗಿಸಿ ಬೆಚ್ಚಗೆ ಸುತ್ತಿದರೆ ಸಾಕು. ಮೂಗಿಗೆ ಎಣ್ಣೆ ಬಿಡುವುದಂತೂ ಬೇಡವೇ ಬೇಡ, ಎಣ್ಣೆ ಶ್ವಾಸಕೋಶಕ್ಕಿಳಿದು ಬೇರೆಯದೇ ನ್ಯುಮೋನಿಯಾ ಆಗುತ್ತದೆ. ಕರ್ಪೂರ ಬೆರೆತ ಎಣ್ಣೆ, ಮುಲಾಮು ಎದೆಗೆ ಹಚ್ಚಬೇಡಿ, ಕರ್ಪೂರದಿಂದ ಎಳೆಮಕ್ಕಳಿಗೆ ಫಿಟ್ಸ್ ಬರಬಹುದು. ಬಿಸಿನೀರಿನ ಹಬೆಯಿಂದ ಸುಟ್ಟ ಗಾಯವೇ ಹೆಚ್ಚು, ಲಾಭವಿಲ್ಲ.

ಸೊಳ್ಳೆಬತ್ತಿ ಬಿಟ್ಟು ಪರದೆ ಕಟ್ಟಿ. ಹಂಡೆಯ ಒಲೆ ಉರಿಯುವಾಗ ಕೂಸು ಬೇರೆ ಕೋಣೆಯಲ್ಲಿರಲಿ. ಮಂಡ್ಯ, ಮದ್ದೂರು, ಪಾಂಡವಪುರದ ಕಡೆ ಕಬ್ಬು ಕಡಿದ ಮೇಲೆ ಒಣ ಸೋಗೆಗೆ ಬೆಂಕಿ ಇಡುವ ದಿನ, ಆಲೆಮನೆಯ ಹೊಗೆ ಊರಿನತ್ತ ಬೀಸುವ ದಿನ, ಕಿಟಕಿ ಮುಚ್ಚಿ, ಆಗುವಂತಿದ್ದರೆ ಮಗುವನ್ನು ನೆಂಟರ ಮನೆಗೆ ಕರೆದೊಯ್ಯಿರಿ. ಮನೆಯಲ್ಲಿ ಬೀಡಿ ಸಿಗರೇಟು ಸೇದುವವರಿದ್ದರೆ ಹೊರಗೆ ಸೇದಿ ಬಂದರೂ ಬಟ್ಟೆಯ ಜೊತೆ ಹೊಗೆ ಬರುತ್ತದೆ. ಮಗುವನ್ನು ಎತ್ತಿಕೊಳ್ಳುವ ಮೊದಲು ಅಂಗಿ ಬದಲಿಸಲಿ, ಕೈ ತೊಳೆಯಲಿ. ಆರು ತಿಂಗಳವರೆಗೆ ಎದೆಹಾಲು ಮಾತ್ರ. 6, 14 ವಾರ ಮತ್ತು 9 ತಿಂಗಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ, ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆ ತಪ್ಪಿಸಬೇಡಿ. ಆರು ತಿಂಗಳಾದ ಮೇಲೆ ಫ್ಲೂ ಲಸಿಕೆ, ಮೊದಲ ವರ್ಷ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್. ಇದಕ್ಕೆ ಖರ್ಚಿದೆ, ಆದರೆ ಮತ್ತೆ ಮತ್ತೆ ಸುಂಯ್‌ಗುಟ್ಟುವ ಮಗುವಿನ ಮನೆಯಲ್ಲಿ ಮೆಷಿನ್ನಿಗಿಂತ ಮೊದಲು ಇದಕ್ಕೆ ಹಣ ತೆಗೆದಿಡಿ ಎನ್ನುತ್ತೇವೆ.

ಯಾವ ಮನೆಗೆ ಯಾವುದು

ನಾಗಮಂಗಲ, ಕೆ.ಆರ್. ಪೇಟೆ, ಎಚ್.ಡಿ. ಕೋಟೆಯ ಹಳ್ಳಿಗಳಲ್ಲಿದ್ದು ರಾತ್ರಿ ಮಕ್ಕಳ ಡಾಕ್ಟರು ದೂರವಾದರೆ, ಎರಡನೇ ಬಗೆಯ ಮಗುವಿಗೆ ಸ್ಪೇಸರ್. ಹೊರಡಬೇಕಾಗಿ ಬಂದರೂ ದಾರಿಯುದ್ದಕ್ಕೂ ಕೊಡುತ್ತ ಹೋಗಬಹುದು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗಿ ಅಜ್ಜಿಯ ಕೈಯಲ್ಲಿ ಮಗು ಇರುವ ಮೈಸೂರಿನ ಮನೆಗೂ ಸ್ಪೇಸರೇ, ಆದರೆ ಎಷ್ಟು ಪಫ್, ಯಾವಾಗ, ಯಾವ ಲಕ್ಷಣ ಕಂಡರೆ ಫೋನ್ ಎಂದು ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ. ಅಜ್ಜಿಗೆ ಸ್ಪೇಸರ್ ಕೈಗೆ ಹತ್ತದೆ ಮೆಷಿನ್ನೇ ಸುಲಭವೆನಿಸಿದರೆ, ಕರೆಂಟಿನ ತೊಂದರೆಯೂ ಇಲ್ಲದಿದ್ದರೆ, ಮೆಷಿನ್ ತನ್ನಿ. ಸರಿಯಾಗಿ ಕೊಡುವ ಎರಡನೇ ಆಯ್ಕೆ ತಪ್ಪಾಗಿ ಕೊಡುವ ಮೊದಲನೆಯದಕ್ಕಿಂತ ಮೇಲು. ಆರು ತಿಂಗಳೊಳಗಿನ ಕೂಸಿಗೆ ಮೊದಲ ಬಾರಿ ಸುಂಯ್ ಬಂದಿದ್ದರೆ ಎರಡೂ ಬೇಡ, ಸಲೈನ್ ಡ್ರಾಪ್ಸ್ ಮತ್ತು ಎಚ್ಚರದ ಕಣ್ಣು ಸಾಕು.

ಈ ಹೋಲಿಕೆಯೇ ಅನ್ವಯವಾಗದ ಮಕ್ಕಳೂ ಇದ್ದಾರೆ. ಹುಟ್ಟಿದ ದಿನದಿಂದಲೇ ಸದ್ದು, ತೂಕ ಏರದಿರುವುದು, ಹಾಲು ಕುಡಿಯುವಾಗ ಬೆವರುವುದು ಇಲ್ಲವೇ ಪ್ರತಿ ಸಲ ನೆತ್ತಿಗೇರುವುದು, ನಾಲ್ಕು ವಾರ ಮೀರಿದ ಕಫದ ಕೆಮ್ಮು, ಮನೆಯಲ್ಲಿ ಟಿಬಿ ಇರುವವರು. ಕಡಲೆಕಾಯಿ ಬೀಜವೋ ಹುಣಸೆಬೀಜವೋ ಬಾಯಿಗಿಟ್ಟು ಕೆಮ್ಮಿದ ದಿನದಿಂದ ಶುರುವಾದ ಸುಂಯ್ ಆದರೆ ಅದು ವೈರಸ್ಸಲ್ಲ, ಬೀಜ ನಾಳದಲ್ಲಿ ಕೂತಿರಬಹುದು, ಅಂದೇ ತೋರಿಸಿ. ಅಡಿನೊವೈರಸ್ ನ್ಯುಮೋನಿಯಾ ಜೋರಾಗಿ ಆಗಿ, ತಿಂಗಳುಗಳ ಮೇಲೂ ಆಕ್ಸಿಜನ್ ಮಟ್ಟ ಕಡಿಮೆಯೇ ಇದ್ದರೆ ಸಣ್ಣ ನಾಳಗಳು ಗಾಯದ ಕಲೆಯಿಂದ ಮುಚ್ಚಿಕೊಂಡಿರಬಹುದು. ಅದನ್ನು ಸಿ.ಟಿ. ಸ್ಕ್ಯಾನಿನಲ್ಲಿ ನೋಡಬೇಕು, ಪಂಪ್ ಬದಲಿಸುತ್ತ ಕೂರುವುದಲ್ಲ. ಇಂಥವರಿಗೆ ಮಕ್ಕಳ ಶ್ವಾಸಕೋಶ ತಜ್ಞರೇ ಬೇಕು.

ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ಪ್ರತಿ ಉಸಿರಿಗೂ ನರಳಿದರೆ, ತುಟಿ ನೀಲಿಯಾದರೆ, ನಡುನಡುವೆ ಉಸಿರು ನಿಂತಂತಾದರೆ, ಹಾಲು ಬಿಟ್ಟು ಮಂಕಾದರೆ, ಹನ್ನೆರಡು ಗಂಟೆ ಮೂತ್ರ ಮಾಡದಿದ್ದರೆ ಈ ಬರಹ ಪಕ್ಕಕ್ಕಿಟ್ಟು 108ಕ್ಕೆ ಕರೆ ಮಾಡಿ. ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್, ಎರಡೂ ಸರ್ಕಾರದವು. ಎರಡು ತಿಂಗಳೊಳಗಿನ ಕೂಸಾದರೆ ಉಸಿರು ವೇಗವಾಗಿದೆ ಎಂಬಷ್ಟೇ ಕಾರಣ ಸಾಕು, ಬೆಳಗಾಗಲಿ ಎನ್ನಬೇಡಿ.

ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ಪಂಪ್, ಸ್ಪೇಸರ್, ಮಾಸ್ಕ್ ಮೂರನ್ನೂ ಚೀಲದಲ್ಲಿ ಒಯ್ಯಿರಿ, ನೀವು ಕೊಡುವ ರೀತಿಯನ್ನು ಅವರೆದುರೇ ಒಮ್ಮೆ ಮಾಡಿ ತೋರಿಸಿ. ಮೊಬೈಲಿನಲ್ಲಿ ಮಗುವಿನ ಎದೆ ಕಾಣುವಂತೆ ಅಂಗಿ ಬಿಚ್ಚಿ, ಸುಂಯ್ ಕೇಳುವಾಗ ಒಂದು ನಿಮಿಷದ ವಿಡಿಯೊ ಮಾಡಿಟ್ಟುಕೊಳ್ಳಿ. ಅಪ್ಪ ಅಮ್ಮ ‘ಗೊರಗೊರ’ ಎನ್ನುವುದು ಎಷ್ಟೋ ಸಲ ಮೂಗಿನ ಸದ್ದಾಗಿರುತ್ತದೆ, ಎದೆಯದಲ್ಲ. ಆ ಒಂದು ನಿಮಿಷ ನೋಡಿದರೆ ಡಾಕ್ಟರಿಗೆ ಅಲ್ಲೇ ಗೊತ್ತಾಗುತ್ತದೆ.